ಕವಣೆಯ ಅಡ್ಡಕೋಲಿಗೆ ಅಂಟು ಹಾಕಬೇಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ರಜೆಯಲ್ಲಿ ಮಕ್ಕಳನ್ನು ಕವಲೇದುರ್ಗಕ್ಕೆ ಕರ್ಕೊಂಡು ಹೋಗಿದ್ದೆ. ಇಷ್ಟು ದಪ್ಪ ಗೋಡೆಯನ್ನು ಶತ್ರುಗಳು ಹೇಗೆ ಒಡೀತಿದ್ರು ಅಂತ ಮಗಳು ಕೇಳಿದಳು. ಕಲ್ಲು ಎಸೆಯುವ ಕವಣೆಯಂತ್ರದ ಕಥೆ ಹೇಳಿದೆ. ಮನೆಗೆ ಬಂದ ಮೇಲೆ ಅದನ್ನೇ ಮಾಡಿಕೊಡು ಅಂತ ಇಬ್ಬರದ್ದೂ ಹಟ. ಮರದ ಚೂರು, ಹಗ್ಗ, ಫೆವಿಕಾಲ್ ಸೇರಿಸಿ ಒಂದನ್ನು ಮಾಡಿದೆವು. ನೋಡೋಕೆ ಚೆನ್ನಾಗಿದೆ. ಆದರೆ ಉಂಡೆ ಮುಂದಕ್ಕೆ ಹಾರಲ್ಲ, ಒಂದು ಮಾರು ದೂರದಲ್ಲಿ ನೆಲಕ್ಕೆ ಬಡಿಯುತ್ತದೆ. ಹಗ್ಗ ಇನ್ನೂ ಬಿಗಿ ಮಾಡಿದರೆ ಇನ್ನೂ ಜೋರಾಗಿ ನೆಲಕ್ಕೇ ಬಡಿಯುತ್ತದೆ! ಮಗಳಿಗೆ 10 ವರ್ಷ, ಮಗನಿಗೆ 6. ತಪ್ಪು ಎಲ್ಲಿದೆ? ಹೊಸದಾಗಿ ಮಾಡುವುದಾದರೆ ಯಾವ ಮರ, ಎಷ್ಟು ಅಳತೆ? ಮಕ್ಕಳ ಕೈಗೆ ಗರಗಸ ಕೊಡಬಹುದಾ? ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊ ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ. ಹಗ್ಗದಲ್ಲೂ ತಪ್ಪಿಲ್ಲ, ಮರದಲ್ಲೂ ಇಲ್ಲ. ತೊಂದರೆ ಇರೋದು ಮೇಲಿನ ಅಡ್ಡಕೋಲಿನಲ್ಲಿ. ಎಸೆಯುವ ತೋಳು ಮೇಲೆದ್ದು ಬಂದು ಬಡಿದು ನಿಲ್ಲುತ್ತದಲ್ಲ, ಆ ಕೋಲು. ನೀವು ಅದನ್ನು ಹಗ್ಗ ಹಾಯುವ ತೂತಿಗಿಂತ ಮುಂದೆ ಇಟ್ಟಿದ್ದೀರಿ. ಮೇಲಿಂದ ಫೆವಿಕಾಲ್ ಹಾಕಿ ಗಟ್ಟಿ ಮಾಡಿಬಿಟ್ಟಿದ್ದೀರಿ.

ಉಂಡೆ ಬಟ್ಟಲಿಂದ ಬಿಡುಗಡೆ ಆಗುವುದು ತೋಳು ನಿಂತ ಕ್ಷಣದಲ್ಲಿ. ಆ ಕ್ಷಣ ತೋಳು ಯಾವ ಕಡೆ ಮುಖ ಮಾಡಿರುತ್ತದೋ ಅದಕ್ಕೆ ಸರಿಯಾಗಿ ಅಡ್ಡಲಾಗಿ ಉಂಡೆ ಹೊರಡುತ್ತದೆ. ತೋಳು ನೆಟ್ಟಗೆ ಕಂಬದ ಹಾಗೆ ನಿಂತರೆ ಉಂಡೆ ನೆಲಕ್ಕೆ ಸಮನಾಗಿ ಹೋಗುತ್ತದೆ. ನೆಟ್ಟಗಾಗುವ ಮೊದಲೇ, ಇನ್ನೂ ಹಿಂದಕ್ಕೆ ವಾಲಿರುವಾಗಲೇ ನಿಂತರೆ ಉಂಡೆ ಮೇಲಕ್ಕೆ ಏರುತ್ತದೆ. ನಿಮ್ಮದರಲ್ಲಿ ತೋಳು ನೆಟ್ಟಗಾಗಿ, ಮುಂದಕ್ಕೂ ಬಾಗಿ, ಆಮೇಲೆ ಕೋಲಿಗೆ ಬಡಿಯುತ್ತದೆ. ಹಾಗಾಗಿ ಉಂಡೆ ಕೆಳಮುಖವಾಗಿಯೇ ಹೊರಡುತ್ತದೆ. ಹಗ್ಗ ಬಿಗಿ ಮಾಡಿದಷ್ಟೂ ನೆಲಕ್ಕೆ ಜೋರಾಗಿ ಬಡಿಯದೆ ಇನ್ನೇನು ಮಾಡುತ್ತದೆ?

ಶಾಲೆ ಮಕ್ಕಳಿಗೆ ಮರಗೆಲಸ ಹೇಳಿಕೊಡುವಾಗ ನಾನು ಜಾಸ್ತಿ ನೋಡುವ ತೊಂದರೆ ಇದೇ. ಕಾರಣವೂ ಇದೆ. ಚಿತ್ರಗಳಲ್ಲಿ ಕಾಣುವ ಹಳೆಯ ರೋಮನ್ ಯಂತ್ರಗಳಲ್ಲಿ ಅಡ್ಡಮರ ಬಹಳ ಮುಂದೆ ಇರುತ್ತದೆ. ಅದನ್ನು ನೋಡಿ ನಾವೂ ಅಲ್ಲೇ ಇಡುತ್ತೇವೆ. ಅವುಗಳಲ್ಲಿ ಎಷ್ಟೋ ಯಂತ್ರಗಳ ತೋಳಿನ ತುದಿಗೆ ಕವಣೆಯ ಜೋಲಿ ಇತ್ತು, ಕಲ್ಲು ಬಿಟ್ಟುಕೊಳ್ಳುವ ಲೆಕ್ಕವೇ ಬೇರೆ. ನಮ್ಮ ಆಟಿಕೆಯಲ್ಲಿ ಇರೋದು ಬಟ್ಟಲು. ಬಟ್ಟಲು ಇದ್ದರೆ ಅಡ್ಡಕೋಲು ಹಗ್ಗದ ತೂತಿಗಿಂತ ಹಿಂದೆ ಇರಬೇಕು.

ಈಗ ಮಾಡಿರೋದನ್ನು ಒಡೆದು ಸರಿ ಮಾಡುವ ಬದಲು ಹೊಸದನ್ನೇ ಮಾಡಿ. ಈ ಸಲ ಅಡ್ಡಕೋಲನ್ನು ತೆಗೆದು ಹಾಕುವ ಹಾಗೆ ಇಡಿ. ಅಂಟು ಬೇಡ, ಸಾಲಾಗಿ ತೂತು ಕೊರೆಯಿರಿ. ಮಕ್ಕಳಿಗೆ ಕವಣೆ ಮಾಡಿ ಮುಗಿಸೋದಕ್ಕಿಂತ ಅದನ್ನು ಹೆಚ್ಚುಕಮ್ಮಿ ಮಾಡಿ ನೋಡೋದರಲ್ಲೇ ಆಟ ಇರೋದು. ಎಲ್ಲ ಸರಿ ಇರುವ, ಎಲ್ಲಿಯೂ ಅಲ್ಲಾಡದ ಕವಣೆಯನ್ನು ಅಪ್ಪ ಮಾಡಿಕೊಟ್ಟರೆ ಸಂಜೆಯೊಳಗೆ ಅದು ಮೂಲೆ ಸೇರುತ್ತದೆ. ಕೋಲು ಎಲ್ಲಿಟ್ಟರೆ ಎಲ್ಲಿಗೆ ಬೀಳುತ್ತದೆ ಅನ್ನೋದು ಮಕ್ಕಳ ಕೈಯಲ್ಲೇ ಇದ್ದರೆ ರಜೆ ಪೂರ್ತಿ ಅದರ ಸುತ್ತಲೇ ಇರ್ತಾರೆ.

ಮೊದಲು ಮರ. ಕೊಳ್ಳಲು ಹೋಗಬೇಡಿ. ನಿಮ್ಮೂರಿನ ಆಚಾರ್ರ ಕೊಟ್ಟಿಗೆಯಲ್ಲೋ ಸಾಮಿಲ್ಲಿನಲ್ಲೋ ಕೇಳಿದರೆ ಚೂರು ಪಟ್ಟಿಗಳು ಸಿಗುತ್ತವೆ. ಸಿಲ್ವರ್ ಓಕ್ ಸಿಕ್ಕರೆ ಮಕ್ಕಳ ಕೆಲಸಕ್ಕೆ ಒಳ್ಳೆಯದು. ಹಗುರ, ಗರಗಸ ಸಲೀಸಾಗಿ ಓಡುತ್ತದೆ. ಹಲಸಿನ ಚೂರು ಸಿಕ್ಕರೆ ಇನ್ನೂ ಒಳ್ಳೆಯದು. ಕೊಯ್ದಾಗ ಆ ಹಳದಿ ಬಣ್ಣ ನೋಡಿಯೇ ಮಕ್ಕಳಿಗೆ ಖುಷಿ. ಸಾಗುವಾನಿ ಚೂರೂ ಆಗುತ್ತದೆ. ಅಕೇಶಿಯಾ ಮಾತ್ರ ಬೇಡ. ಗಟ್ಟಿ, ಭಾರ, ಅಂಚಿನಲ್ಲಿ ಮೊಳೆ ಹೊಡೆದರೆ ಸೀಳಿಕೊಳ್ಳುತ್ತದೆ. ಬೂರುಗ ತೀರಾ ಮೆತ್ತಗೆ, ಸ್ಕ್ರೂ ಕಚ್ಚಿಕೊಳ್ಳೋದಿಲ್ಲ. ಪ್ಲೈವುಡ್ಡಿನ ಅಂಚಿಗೆ ಸ್ಕ್ರೂ ಹಾಕಿದರೆ ಪದರ ಬಿಚ್ಚಿಕೊಳ್ಳುತ್ತದೆ, ಅದೂ ಬೇಡ.

ಮರದ ಎಳೆ ಪಟ್ಟಿಯ ಉದ್ದಕ್ಕೆ ಓಡಿರಬೇಕು, ಅಷ್ಟು ನೋಡಿಕೊಳ್ಳಿ. ಎಳೆ ಓರೆಯಾಗಿ ಓಡಿ ಅಂಚಿಗೆ ಬಂದಿದ್ದರೆ ಆ ಪಟ್ಟಿ ಅಲ್ಲೇ ಸೀಳುತ್ತದೆ. ಮಗಳಿಗೆ ಇದನ್ನು ತೋರಿಸಿಕೊಡಿ. ಬೆರಳಲ್ಲಿ ಎಳೆ ಹಿಡಿದು ಹೋಗಲಿ, ಅದು ಪಟ್ಟಿಯ ಕೊನೆ ಮುಟ್ಟುತ್ತದಾ, ಮಧ್ಯದಲ್ಲೇ ಹೊರಗೆ ಹೋಗುತ್ತದಾ ಅಂತ. ಸಾಗರದ ಗುಡಿಗಾರರು ಶ್ರೀಗಂಧದಲ್ಲಿ ಕೂದಲೆಳೆಯಷ್ಟು ಸಣ್ಣ ಕೆತ್ತನೆ ಮಾಡೋದನ್ನು ನೋಡಿದ್ದೀರಲ್ಲ, ಅಲ್ಲೂ ಕೆಲಸ ಶುರುವಾಗೋದು ಎಳೆ ನೋಡುವುದರಿಂದಲೇ.

ತೋಳಿಗೆ ಮಾತ್ರ ಬೇರೆ ಮರ. ತೋಳು ಪ್ರತಿ ಸಲವೂ ಕೋಲಿಗೆ ಬಡಿಯುತ್ತದೆ. ಸಿಲ್ವರ್ ಓಕ್ ಆದರೆ ಬಡಿಯುವ ಜಾಗದಲ್ಲಿ ಬೇಗ ಮುರಿಯುತ್ತದೆ. ಇದಕ್ಕೆ ಬಿದಿರಿಗಿಂತ ಒಳ್ಳೆಯದು ಇಲ್ಲ. ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದ ಹಳೇ ಬಿದಿರು ಮನೆಯಲ್ಲಿ ಇದ್ದರೆ ಅದನ್ನೇ ಸೀಳಿ. ಒಣಗಿರುತ್ತದೆ, ಕುಟ್ಟೆಯೂ ಹಿಡಿದಿರೋದಿಲ್ಲ. ಅಡಿಕೆ ದಬ್ಬೆಯೂ ಆಗುತ್ತದೆ. ಅದಕ್ಕೆ ಒಳ್ಳೆ ಬಳುಕು ಇದೆ. ಒಳಗಿನ ಮೆತ್ತನೆ ಭಾಗವನ್ನು ಪೂರ್ತಿ ಕೆರೆದು ತೆಗೆದು ಹೊರಗಿನ ಗಟ್ಟಿ ಭಾಗ ಮಾತ್ರ ಇಟ್ಟುಕೊಳ್ಳಿ. ಆದರೆ ದಬ್ಬೆಯ ಸಿಬರು ಎಂಥದು ಅಂತ ನಿಮಗೆ ಹೇಳಬೇಕಾಗಿಲ್ಲ. ಕೈಗೆ ಹೊಕ್ಕರೆ ರಾತ್ರಿಯಿಡೀ ಅಳು. ದಬ್ಬೆ ಸೀಳುವುದು, ಕೆರೆಯುವುದು ನಿಮ್ಮ ಕೆಲಸವೇ ಆಗಲಿ. ಸ್ಯಾಂಡ್ ಪೇಪರ್ ಹಾಕಿ ನುಣುಪು ಮಾಡಿದ ಮೇಲೆ ಮಕ್ಕಳ ಕೈಗೆ ಕೊಡಿ.

ಇನ್ನು ಅಳತೆ. ಎಲ್ಲವೂ ಸೆಂಟಿಮೀಟರಿನಲ್ಲಿದೆ. ಸ್ಕೂಲಿನ ಸ್ಕೇಲಿನಲ್ಲೇ ಮಗಳು ಗುರುತು ಹಾಕಬಹುದು.

ಬುಡಕ್ಕೆ ಎರಡು ಉದ್ದ ಪಟ್ಟಿ, ತಲಾ 36 ಉದ್ದ, 4 ಎತ್ತರ, 2 ದಪ್ಪ. ಇವನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ 10 ಸೆಂ.ಮೀ. ಜಾಗ ಬಿಟ್ಟು, ಮುಂದೊಂದು ಹಿಂದೊಂದು 10 ಸೆಂ.ಮೀ. ಉದ್ದದ ಅಡ್ಡತುಂಡು ಇಟ್ಟು ಸೇರಿಸಿ. ಇಲ್ಲಿ ಫೆವಿಕಾಲ್ ಹಾಕಿ, ಸ್ಕ್ರೂ ಕೂಡ ಹಾಕಿ. ಈ ಚೌಕಟ್ಟು ಅಲ್ಲಾಡಬಾರದು. ಮಳೆಗಾಲದಲ್ಲಿ ಮಾಡುವುದಾದರೆ ಒಂದು ಹಗಲು ಒಂದು ರಾತ್ರಿ ಕಟ್ಟಿ ಬಿಡಿ. ನಮ್ಮ ಕಡೆಯ ಶೀತಕ್ಕೆ ಅಂಟು ಬೇಗ ಒಣಗೋದಿಲ್ಲ. ಕ್ಲಾಂಪ್ ಇಲ್ಲದಿದ್ದರೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದು ಸುತ್ತಿ. ಕ್ಲಾಂಪಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಎರಡೂ ಉದ್ದ ಪಟ್ಟಿಗಳಲ್ಲಿ, ಮುಂದಿನ ತುದಿಯಿಂದ 8 ಸೆಂ.ಮೀ. ದೂರದಲ್ಲಿ, ಎತ್ತರದ ಸರಿ ಮಧ್ಯಕ್ಕೆ 12 ಮಿ.ಮೀ. ತೂತು. ಇದು ಹಗ್ಗ ಹಾಯುವ ತೂತು. ಚೌಕಟ್ಟು ಸೇರಿಸುವ ಮೊದಲೇ ಕೊರೆದುಕೊಳ್ಳಿ. ಒಳಗಿನ ಮತ್ತು ಹೊರಗಿನ ಬಾಯಿಯ ಚೂಪು ಅಂಚನ್ನು ಸ್ಯಾಂಡ್ ಪೇಪರ್ ಸುರುಳಿ ಮಾಡಿ ಉಜ್ಜಿ. ಇಲ್ಲದಿದ್ದರೆ ಅದೇ ಅಂಚು ಹಗ್ಗವನ್ನು ಕೊಯ್ಯುತ್ತದೆ.

ಆಮೇಲೆ ಎರಡು ಕಂಬ, 20 ಉದ್ದ, 3 ಅಗಲ, 2 ದಪ್ಪ. ಇವು ಉದ್ದ ಪಟ್ಟಿಗಳ ಹೊರಮೈಗೆ, ಮುಂದಿನ ತುದಿಯಿಂದ 16 ಸೆಂ.ಮೀ. ದೂರದಲ್ಲಿ ನಿಲ್ಲಬೇಕು. ಅಂದರೆ ಕಂಬದ ನಡುಗೆರೆ ಹಗ್ಗದ ತೂತಿಗಿಂತ 8 ಸೆಂ.ಮೀ. ಹಿಂದೆ. ಈ 8ನ್ನು ಹೆಚ್ಚುಕಮ್ಮಿ ಮಾಡಬೇಡಿ, ಮುಂದಿನ ಲೆಕ್ಕ ಎಲ್ಲ ಇದರ ಮೇಲೇ ನಿಂತಿದೆ. ಒಂದೊಂದಕ್ಕೂ ಎರಡೆರಡು ಸ್ಕ್ರೂ ಸಾಕು, ಅಂಟು ಬೇಡ.

ಕಂಬಗಳಲ್ಲಿ ಅಡ್ಡಕೋಲಿನ ತೂತುಗಳು. ಹಗ್ಗದ ತೂತಿನ ಮಟ್ಟದಿಂದ ಮೇಲಕ್ಕೆ ಅಳೆದು 4.5, 8, 11 ಮತ್ತು 14 ಸೆಂ.ಮೀ.ಗೆ ಗುರುತು ಮಾಡಿ. ಕೊರೆಯುವಾಗ ಎರಡು ಕಂಬಗಳನ್ನೂ ಒಂದರ ಮೇಲೊಂದು ಇಟ್ಟು, ಟೇಪ್ ಸುತ್ತಿ, ಎರಡಕ್ಕೂ ಒಟ್ಟಿಗೇ ತೂತು ಹಾಕಿ. ಬೇರೆ ಬೇರೆ ಕೊರೆದರೆ ಒಂದು ಕೂದಲಷ್ಟಾದರೂ ವ್ಯತ್ಯಾಸ ಬಂದೇ ಬರುತ್ತದೆ. ಆಗ ಕೋಲು ಓರೆಯಾಗಿ ಕೂರುತ್ತದೆ, ತೋಳು ಒಂದು ಮಗ್ಗುಲಿಗೆ ಬಡಿಯುತ್ತದೆ, ಉಂಡೆ ಪಕ್ಕಕ್ಕೆ ಹಾರುತ್ತದೆ. ಕೋಲಿಗೆ 20 ಸೆಂ.ಮೀ. ಉದ್ದದ 8 ಮಿ.ಮೀ. ಕಬ್ಬಿಣದ ಸರಳು ಇದ್ದರೆ ಚಿಂತೆಯೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ತುಂಡು ಬಿದ್ದಿರುತ್ತದೆ. ಗಟ್ಟಿ ಬಿದಿರ ಕಡ್ಡಿಯೂ ನಡೆಯುತ್ತದೆ. ತೋಳು ಬಡಿಯುವ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ತೋಳಿನ ಆಯಸ್ಸು ಜಾಸ್ತಿಯಾಗುತ್ತದೆ, ಮನೆಯಲ್ಲಿ ಮಧ್ಯಾಹ್ನ ಮಲಗಿದವರ ನಿದ್ದೆಯೂ ಉಳಿಯುತ್ತದೆ.

ತೋಳು 26 ಉದ್ದ, 2 ಅಗಲ. ಹಗ್ಗದ ಈಚೆ 2 ಸೆಂ.ಮೀ., ಆಚೆ 24 ಸೆಂ.ಮೀ. ಬರಬೇಕು. ಹಗ್ಗ ಕೂರುವ ಜಾಗದಲ್ಲಿ ಎರಡೂ ಅಂಚಿಗೆ ಸಣ್ಣ ಕಚ್ಚು ಹಾಕಿ, ಜಾರೋದಿಲ್ಲ. ಉದ್ದದ ತುದಿಗೆ ನೀರಿನ ಬಾಟಲಿಯ ಮುಚ್ಚಳ, ಒಳಗಿನಿಂದ ಒಂದು ಸಣ್ಣ ಸ್ಕ್ರೂ. ಬಟ್ಟಲು ಆಳ ಇರಬಾರದು. ಆಳದ ಬಟ್ಟಲಲ್ಲಿ ಉಂಡೆ ಅಂಚಿಗೆ ತಗುಲಿ ತಡವಾಗಿ ಹೊರಬರುತ್ತದೆ, ದಿಕ್ಕು ಕೆಡುತ್ತದೆ.

ಹಗ್ಗದ ಕೆಲಸ ನಿಧಾನವಾಗಿ ಮಾಡಿ, ಇದರ ಜೀವ ಇರೋದೇ ಇಲ್ಲಿ. 2 ಮಿ.ಮೀ. ನೈಲಾನ್ ದಾರ 2 ಮೀಟರ್ ಬೇಕು. ಶಿವಮೊಗ್ಗದ ಗಾಂಧಿ ಬಜಾರಿಗೇ ಹೋಗಬೇಕಂತಿಲ್ಲ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. 3.5 ಸೆಂ.ಮೀ. ಉದ್ದದ ಎರಡು ಗಟ್ಟಿ ಬಿದಿರ ಕಡ್ಡಿ ಮಾಡಿಕೊಳ್ಳಿ. ಒಂದೊಂದು ಪಟ್ಟಿಯ ಹೊರಗೆ, ತೂತಿನ ಬಾಯಿಗೆ ಅಡ್ಡಲಾಗಿ ಒಂದೊಂದು ಕಡ್ಡಿ. ದಾರವನ್ನು ಒಂದು ಕಡ್ಡಿಗೆ ಸುತ್ತಿ, ತೂತಿನೊಳಗೆ ಹಾಯಿಸಿ, ಆಚೆ ಕಡ್ಡಿಗೆ ಸುತ್ತಿ, ವಾಪಸ್ ತನ್ನಿ. ಹೀಗೆ ಆರು ಸುತ್ತು. ಸುತ್ತುವಾಗ ಸಡಿಲ ಬಿಡಬೇಡಿ, ಎಲ್ಲ ಎಳೆಯೂ ಒಂದೇ ಬಿಗಿ ಇರಬೇಕು. ಕೊನೆಯಲ್ಲಿ ಎರಡೂ ತುದಿ ಸೇರಿಸಿ ಗಂಟು. ಕಡ್ಡಿ ಪಟ್ಟಿಯ ಎತ್ತರಕ್ಕಿಂತ ಚಿಕ್ಕದಿರಲಿ ಅಂದದ್ದು ಯಾಕೆ ಅಂದರೆ, ಉದ್ದವಾದರೆ ತಿರುಗಿಸುವಾಗ ನೆಲಕ್ಕೆ ತಾಗುತ್ತದೆ.

ಈಗ ಹಗ್ಗದ ನಡುವೆ, ಅರ್ಧ ಎಳೆ ಆಚೆ ಅರ್ಧ ಎಳೆ ಈಚೆ ಬರುವ ಹಾಗೆ, ತೋಳಿನ ಚಿಕ್ಕ ತುದಿ ತೂರಿಸಿ. ತೋಳು ಹಿಂದಕ್ಕೆ, ಅಡ್ಡಕೋಲಿನ ಕೆಳಗೆ ಮಲಗಿರಲಿ. ಇನ್ನು ಎರಡೂ ಕಡ್ಡಿ ತಿರುಗಿಸಬೇಕು. ಎರಡು ಕಡ್ಡಿಯದೂ ಮೇಲಿನ ತುದಿ ಮುಂದಕ್ಕೇ ಹೋಗಬೇಕು. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿದರೆ ಎರಡರ ಬಲವೂ ಒಂದಕ್ಕೊಂದು ಎದುರಾಗಿ ತೋಳು ಸುಮ್ನೆ ಜೋತುಬೀಳುತ್ತದೆ. ನೀವು ಎಡಕ್ಕೆ, ಮಗಳು ಬಲಕ್ಕೆ ಕೂತು, ಒಬ್ಬೊಬ್ಬರು ಅರ್ಧ ಅರ್ಧ ಸುತ್ತು ತಿರುಗಿಸುತ್ತಾ ಹೋಗಿ. ಮಗ ಎಣಿಸಲಿ. ಎರಡೂ ಕಡೆ ಸುತ್ತು ಸಮ ಇರಬೇಕು. ಮೂರು ನಾಲ್ಕು ಸುತ್ತಿಗೆ ತೋಳು ತಾನಾಗೇ ಎದ್ದು ಕೋಲಿಗೆ ಒತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕೈಯಲ್ಲಿ ಕಷ್ಟ, ಇಕ್ಕಳ ಬೇಕಾಗುತ್ತದೆ. ತೋಳನ್ನು ಮಗನೇ ಒಂದು ಬೆರಳಲ್ಲಿ ಒತ್ತಿ ಹಿಂದಕ್ಕೆ ಮಲಗಿಸಲು ಆಗುವಷ್ಟು ಬಿಗಿ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಅದು ನಿಮ್ಮ ಆಟಿಕೆ ಆಗುತ್ತದೆ, ಅವನದಲ್ಲ. ಕಡ್ಡಿ ವಾಪಸ್ ತಿರುಗದ ಹಾಗೆ ಅದರ ಪಕ್ಕಕ್ಕೆ ಒಂದು ಮೊಳೆ ಹೊಡೆದು ತಡೆಯಿರಿ.

ಹೊಡೆತಕ್ಕೆ ಕಂಬಗಳು ಮುಂದಕ್ಕೆ ಅಲ್ಲಾಡುತ್ತಿವೆ ಅನ್ನಿಸಿದರೆ, ಕಂಬದ ಮೇಲ್ಭಾಗದಿಂದ ಉದ್ದ ಪಟ್ಟಿಯ ಮುಂದಿನ ತುದಿಗೆ ಒಂದು ಓರೆಪಟ್ಟಿ ಕೊಡಿ.

ಇಲ್ಲಿಗೆ ಮರಗೆಲಸ ಮುಗಿಯಿತು. ಇನ್ನು ಆ ತೂತುಗಳ ವಿಷಯ. ಕಂಬ ಹಗ್ಗದ ತೂತಿಗಿಂತ 8 ಸೆಂ.ಮೀ. ಹಿಂದಿದೆ. ಕೋಲು 8 ಸೆಂ.ಮೀ. ಎತ್ತರದ ತೂತಿನಲ್ಲಿದ್ದರೆ ಹಿಂದಕ್ಕೆ 8, ಮೇಲಕ್ಕೆ 8. ತೋಳು ಸರಿಯಾಗಿ 45 ಡಿಗ್ರಿಯಲ್ಲಿ ನಿಲ್ಲುತ್ತದೆ, ಉಂಡೆಯೂ 45 ಡಿಗ್ರಿ ಏರಿಯಲ್ಲಿ ಹೊರಡುತ್ತದೆ. 14ರ ತೂತಿಗೆ ಏರಿಸಿದರೆ ತೋಳು ಇನ್ನೂ ಮುಂದೆ ಬಂದು ನಿಲ್ಲುತ್ತದೆ, ಉಂಡೆ 30 ಡಿಗ್ರಿಯಲ್ಲಿ ತಗ್ಗಾಗಿ ಹೋಗುತ್ತದೆ. 11ರಲ್ಲಿ ಸುಮಾರು 36 ಡಿಗ್ರಿ. 4.5ಕ್ಕೆ ಇಳಿಸಿದರೆ 60 ಡಿಗ್ರಿ, ಉಂಡೆ ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳುತ್ತದೆ. ಕೋಲು ಮೇಲೇರಿಸಿದರೆ ಉಂಡೆ ತಗ್ಗಾಗಿ ಹಾರುತ್ತದೆ, ಇಳಿಸಿದರೆ ಎತ್ತರಕ್ಕೆ ಹಾರುತ್ತದೆ. ಮಕ್ಕಳು ಇದಕ್ಕೆ ಉಲ್ಟಾ ಊಹಿಸುತ್ತಾರೆ. ದಯವಿಟ್ಟು ಮೊದಲೇ ಹೇಳಿಬಿಡಬೇಡಿ.

ಅಂಗಳದಲ್ಲಿ ಕವಣೆ ಇಟ್ಟ ಜಾಗಕ್ಕೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಹಾಕಿ. ಒಂದು ತೂತಿನಲ್ಲಿ ಐದು ಸಲ ಎಸೆಯಲಿ. ಬಿದ್ದ ಜಾಗಕ್ಕೆಲ್ಲ ಚುಕ್ಕಿ. ದೂರವನ್ನು ಮಗ ಹೆಜ್ಜೆಯಲ್ಲಿ ಅಳೆಯಲಿ, ಮಗಳು ಟೇಪಿನಲ್ಲಿ ಅಳೆದು ಬರೆದಿಡಲಿ. ಆಮೇಲೆ ಕೋಲು ಮಾತ್ರ ಬದಲಿಸಿ, ಉಳಿದದ್ದು ಯಾವುದನ್ನೂ ಮುಟ್ಟದೆ ಮತ್ತೆ ಐದು. ಒಂದು ಸಲಕ್ಕೆ ಒಂದೇ ಬದಲಾವಣೆ. ಹಗ್ಗಕ್ಕೂ ಒಂದು ಸುತ್ತು ಕೊಟ್ಟು, ಕೋಲನ್ನೂ ಏರಿಸಿದರೆ ದೂರ ಬದಲಾಗಿದ್ದು ಯಾವುದರಿಂದ ಅಂತ ಯಾರಿಗೂ ಗೊತ್ತಾಗೋದಿಲ್ಲ. ಬೆರಳಿಂದ ಎಳೆದು ಬಿಟ್ಟರೆ ಪ್ರತಿ ಸಲವೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಅದಕ್ಕೆ ಹಿಂದಿನ ಅಡ್ಡತುಂಡಿಗೆ ಒಂದು ದಾರದ ಕುಣಿಕೆ ಕಟ್ಟಿ. ತೋಳು ಮಲಗಿಸಿ, ಕುಣಿಕೆ ಮೇಲೆ ಹಾಯಿಸಿ, ಒಂದು ಕಡ್ಡಿ ಸಿಕ್ಕಿಸಿ. ಕಡ್ಡಿಗೆ ಉದ್ದ ದಾರ ಕಟ್ಟಿ ದೂರದಿಂದ ಎಳೆದರೆ ಬಿಡುಗಡೆ. ಪ್ರತಿ ಸಲವೂ ಒಂದೇ ಎಳೆತ, ಮುಖವೂ ಯಂತ್ರದಿಂದ ದೂರ.

ಪುಸ್ತಕದಲ್ಲಿ 45 ಡಿಗ್ರಿಗೆ ಅತಿ ದೂರ ಅಂತ ಇರುತ್ತದೆ. ನಿಮ್ಮ ಅಂಗಳದಲ್ಲಿ 36 ಡಿಗ್ರಿಯ ತೂತು 45ಕ್ಕೆ ಸಮ ಬರಬಹುದು, ಮುಂದೂ ಹೋಗಬಹುದು. ಗಾಬರಿ ಬೇಡ. ಉಂಡೆ ಹೊರಡುವ ಜಾಗ ಬೀಳುವ ಜಾಗಕ್ಕಿಂತ ಮೇಲಿದೆ, ಆಗ 45ಕ್ಕಿಂತ ಸ್ವಲ್ಪ ತಗ್ಗಿನ ಎಸೆತಕ್ಕೇ ಲಾಭ. ಕಾಗದದ ಉಂಡೆಯನ್ನು ಗಾಳಿಯೂ ತಡೆಯುತ್ತದೆ. ಜಗಲಿ ಮೇಲೆ ಕವಣೆ ಇಟ್ಟು ಅಂಗಳಕ್ಕೆ ಎಸೆದರೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಇನ್ನೊಂದನ್ನೂ ನೋಡಲು ಹೇಳಿ. ತೋಳನ್ನು ಅರ್ಧ ಎಳೆದು ಬಿಟ್ಟರೆ ಅರ್ಧ ದೂರ ಹೋಗುತ್ತದಾ? ಹೋಗೋದಿಲ್ಲ, ಅದಕ್ಕಿಂತ ಕಮ್ಮಿ. ಎಳೆದಷ್ಟೂ ಹಗ್ಗ ಇನ್ನಷ್ಟು ಬಿಗಿಯುತ್ತದೆ, ಹಾಗಾಗಿ ಎಳೆತದ ಕೊನೆಯ ಭಾಗದಲ್ಲೇ ಜಾಸ್ತಿ ಬಲ ತುಂಬುತ್ತದೆ.

ಗರಗಸದ ಬಗ್ಗೆ ಕೇಳಿದಿರಿ. ಮಗಳಿಗೆ ಕೊಡಿ. 10 ವರ್ಷಕ್ಕೆ ಕೊಡದೆ ಇನ್ನು ಯಾವಾಗ? ದೊಡ್ಡ ಹಲ್ಲಿನ ಗರಗಸ ಬೇಡ, ಸಣ್ಣ ಹಲ್ಲಿನದ್ದು ಕೊಡಿ. ಮರವನ್ನು ಕೈಯಲ್ಲೋ ಕಾಲಲ್ಲೋ ಒತ್ತಿ ಹಿಡಿದುಕೊಂಡು ಕೊಯ್ಯುವ ಅಭ್ಯಾಸ ನಮಗಿದೆ, ಅದನ್ನು ಅವಳಿಗೆ ಕಲಿಸಬೇಡಿ. ಮರವನ್ನು ಬೆಂಚಿಗೆ ಬಿಗಿದು ಕಟ್ಟಿ. ಎರಡೂ ಕೈ ಗರಗಸದ ಹಿಡಿಯ ಮೇಲೇ ಇದ್ದರೆ ಬೆರಳು ಹಲ್ಲಿನ ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲ. ಮೊದಲ ಒಂದೆರಡು ಎಳೆತ ನೀವು ಎಳೆದು ಗೀರು ಮಾಡಿಕೊಡಿ. ಆಮೇಲೆ ಒತ್ತದೆ ಉದ್ದುದ್ದಕ್ಕೆ ಎಳೆಯಲು ಹೇಳಿ. ಕೊಯ್ದ ಗೆರೆ ಸೊಟ್ಟಗಾದರೆ ಆಗಲಿ. ನೀವು ಹಿಂದಿನಿಂದ ಹೋಗಿ ಸರಿ ಮಾಡಿ ಇಟ್ಟರೆ ಅವಳಿಗೆ ಅದು ಗೊತ್ತಾಗಿಯೇ ಆಗುತ್ತದೆ. 12 ಮಿ.ಮೀ. ತೂತು ಮಾತ್ರ ನೀವೇ ಕೊರೆಯಿರಿ, ಕರೆಂಟಿನ ಡ್ರಿಲ್ಲು ಮಕ್ಕಳ ಕೈಗೆ ಬೇಡ. ಮನೆಯಲ್ಲಿ ಹಳೇ ಬೈರಿಗೆ ಇದ್ದರೆ ಸ್ಕ್ರೂ ತೂತುಗಳನ್ನು ಅವಳೇ ಕೊರೆಯಬಹುದು.

ಮಗನಿಗೂ ನಿಜವಾದ ಕೆಲಸವೇ ಬೇಕು. "ನೀನು ನೋಡ್ತಾ ಇರು" ಅಂದರೆ 6 ವರ್ಷದವನು ಹತ್ತು ನಿಮಿಷದಲ್ಲಿ ಫೆವಿಕಾಲ್ ಡಬ್ಬಿ ಬೋರಲು ಹಾಕುತ್ತಾನೆ. ಸ್ಯಾಂಡ್ ಪೇಪರನ್ನು ಒಂದು ಮರದ ತುಂಡಿಗೆ ಸುತ್ತಿ ಕೊಡಿ, ಎಲ್ಲ ಅಂಚೂ ಅವನ ಜವಾಬ್ದಾರಿ. ತೂತು ಮೊದಲೇ ಕೊರೆದಿದ್ದರೆ ಸ್ಕ್ರೂ ತಿರುಗಿಸೋದು ಅವನಿಂದ ಆಗುತ್ತದೆ. ಹಗ್ಗ ಸುತ್ತುವಾಗ ತೂತಿನಲ್ಲಿ ದಾರ ತೂರಿಸಲು ಅವನ ಸಣ್ಣ ಬೆರಳೇ ನಿಮ್ಮದಕ್ಕಿಂತ ವಾಸಿ.

ಏನು ಎಸೆಯಬೇಕು ಅನ್ನೋದರಲ್ಲಿ ಮಾತ್ರ ರಾಜಿ ಇಲ್ಲ. ಕಾಗದದ ಉಂಡೆಗೆ ಟೇಪ್ ಸುತ್ತಿದ್ದು, ಬಟ್ಟೆ ಉಂಡೆ, ಹತ್ತಿ ತುಂಬಿದ ಸಣ್ಣ ಚೆಂಡು ಇಷ್ಟೇ. ಮಲೆನಾಡಿನ ಮನೆಯ ಅಂಗಳದಲ್ಲಿ ಗೋಟಡಿಕೆ ಕೈಗೆ ಸಿಗುವ ಹಾಗೇ ಬಿದ್ದಿರುತ್ತದೆ, ಬಟ್ಟಲಿಗೆ ಸರಿಯಾಗಿ ಕೂರುತ್ತದೆ ಕೂಡ. ಮೊದಲ ದಿನವೇ ಮಕ್ಕಳ ಕಣ್ಣು ಅದರ ಮೇಲೆ ಬೀಳುತ್ತದೆ. ಅಡಿಕೆ, ಗೋಲಿ, ಗೇರುಬೀಜ, ಕಲ್ಲು ಯಾವುದೂ ಬೇಡ. ಇಷ್ಟು ಚಿಕ್ಕ ಯಂತ್ರವೂ ಅಡಿಕೆಯನ್ನು ಕಣ್ಣಿಗೆ ಹೊಡೆದರೆ ಕಣ್ಣು ಹೋಗುವಷ್ಟು ಜೋರಾಗಿ ಎಸೆಯಬಲ್ಲದು. ಎಸೆಯುವವರು ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಳ್ಳಲಿ. ಕವಣೆಯ ಮುಂದೆ ಯಾರೂ ಇರಬಾರದು, ತೋಳು ಮಲಗಿಸಿದ ಮೇಲೆ ಅದರ ಮೇಲೆ ಬಗ್ಗಿ ಯಾರೂ ನೋಡಬಾರದು. ಬಾಳೆತೋಟಕ್ಕೆ ಬರುವ ಮಂಗ ಓಡಿಸೋಕೆ ಇದು ಆಗುತ್ತದಾ ಅಂತ ಮಗ ಕೇಳಿಯೇ ಕೇಳುತ್ತಾನೆ. ಇಲ್ಲ ಅಂತ ಮೊದಲೇ ಹೇಳಿಡಿ.

ಕವಲೇದುರ್ಗದ ಪ್ರಶ್ನೆಗೂ ಬರೋಣ, ಮಗಳು ಕಾಯ್ತಿರಬಹುದು. ಆ ಕೋಟೆಯನ್ನು ಆಳಿದ ಕೆಳದಿಯ ಅರಸರ ಕಾಲಕ್ಕೆ ಬಂದೂಕು, ಫಿರಂಗಿ ಆಗಲೇ ಬಂದಾಗಿತ್ತು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದಾಗಲೂ ಅದು ಮದ್ದುಗುಂಡಿನ ಕಾಲವೇ. ಕವಣೆಯಂತ್ರದ ಕಾಲ ಅದಕ್ಕೂ ಬಹಳ ಹಿಂದಿನದು. ನೀವು ಮಾಡುತ್ತಿರುವ ಹುರಿಹಗ್ಗದ ಬಗೆ ಗ್ರೀಕರು ರೋಮನ್ನರು ಬಳಸಿದ್ದು. ಅವರು ನೈಲಾನ್ ಬದಲು ಪ್ರಾಣಿಗಳ ನರ ಇಲ್ಲವೇ ಕೂದಲಿನ ಹುರಿ ಹಾಕುತ್ತಿದ್ದರು. ಕ್ರಿ.ಪೂ. 149ರಲ್ಲಿ ರೋಮನ್ನರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಮೇಲೆ ಯುದ್ಧಕ್ಕೆ ಬಂದಾಗ, ಯಂತ್ರಗಳ ಹಗ್ಗಕ್ಕೆ ಬೇರೇನೂ ಸಿಗದೆ ಅಲ್ಲಿನ ಹೆಂಗಸರು ತಲೆಕೂದಲನ್ನೇ ಕತ್ತರಿಸಿ ಕೊಟ್ಟರು ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಉದ್ದ ಜಡೆಯ ಮಗಳಿದ್ದರೆ ಈ ಕಥೆ ಹೇಳಿ ನೋಡಿ, ಹಗ್ಗ ಯಾಕೆ ಮುಖ್ಯ ಅಂತ ಬೇರೆ ವಿವರಿಸಬೇಕಾಗಿಲ್ಲ.

ದಪ್ಪ ಕೋಟೆಗೋಡೆಗೆ ದೊಡ್ಡ ದೊಡ್ಡ ಕಲ್ಲು ಎಸೆದದ್ದು ಇನ್ನೊಂದು ಬಗೆ, ಭಾರ ಕಟ್ಟಿದ ಕವಣೆ. ಅದು ಬಳಕೆಗೆ ಬಂದದ್ದು ಸುಮಾರು 12ನೇ ಶತಮಾನದಲ್ಲಿ. ಬಾವಿಯ ಏತ ನೋಡಿದ್ದರೆ ಅದು ಅರ್ಥವಾದ ಹಾಗೇ. ಉದ್ದನೆ ಮರ, ಗಿಡ್ಡ ತುದಿಗೆ ಭಾರ, ಉದ್ದ ತುದಿಗೆ ಏತದಲ್ಲಿ ಕೊಡ, ಇಲ್ಲಿ ಕಲ್ಲಿನ ಜೋಲಿ. ಭಾರ ಕೆಳಗಿಳಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಈ ಆಟಿಕೆ ಹಳತಾದ ಮೇಲೆ ಅದನ್ನೂ ಮಾಡಬಹುದು. ಅದರ ಲೆಕ್ಕ ಮಕ್ಕಳಿಗೆ ಇನ್ನೂ ಸುಲಭ, ಹಗ್ಗದ ಬಿಗಿಯ ಹಾಗಲ್ಲ, ಭಾರವನ್ನು ತೂಗಿ ನೋಡಬಹುದು. 1 ಕೆ.ಜಿ. ಭಾರ 20 ಸೆಂ.ಮೀ. ಕೆಳಗಿಳಿದರೆ ಸುಮಾರು 2 ಜೂಲ್ ಶಕ್ತಿ ಸಿಗುತ್ತದೆ. ಅದರಲ್ಲಿ ಕಾಲು ಭಾಗ ಮಾತ್ರ 10 ಗ್ರಾಂ ಉಂಡೆಗೆ ಸೇರಿದರೂ ಉಂಡೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೊರಡುತ್ತದೆ. 45 ಡಿಗ್ರಿಯಲ್ಲಿ ಹೊರಟರೆ 10 ಮೀಟರ್ ದೂರ. ಅಂಗಳ ದಾಟಿ ತೋಟಕ್ಕೆ ಬೀಳುತ್ತದೆ, ಹಾಗಾಗಿ ಅದಕ್ಕೆ ಗದ್ದೆ ಕೊಯ್ಲಾಗುವವರೆಗೆ ಕಾಯಿರಿ.

ಕೊನೆಗೆ, ಆಟ ಮುಗಿದ ಮೇಲೆ ಇಡುವ ರೀತಿ. ತೋಳು ಮಲಗಿಸಿ ಕುಣಿಕೆ ಹಾಕಿದ ಹಾಗೇ ಬಿಡಬೇಡಿ. ರಾತ್ರಿಯಿಡೀ ಬಗ್ಗಿದ ಬಿದಿರು ಬೆಳಗ್ಗೆ ಹಾಗೇ ಡೊಂಕಾಗಿರುತ್ತದೆ. ಕೆಲವು ದಿನ ಆಡೋದಿಲ್ಲ ಅಂತಾದರೆ ತಡೆಮೊಳೆ ಕಿತ್ತು ಕಡ್ಡಿಯ ಸುತ್ತು ಬಿಚ್ಚಿಡಿ. ನೈಲಾನ್ ಸಿಗದೆ ಸುತಳಿ ಹಾಕಿದ್ದರೆ ಇದು ಇನ್ನೂ ಮುಖ್ಯ. ಆರಿದ್ರೆ ಮಳೆ ಹಿಡಿದರೆ ಸುತಳಿ ಶೀತ ಕುಡಿದು ಒಂದು ದಿನ ಇದ್ದ ಬಿಗಿ ಇನ್ನೊಂದು ದಿನ ಇರೋದಿಲ್ಲ. ನಿನ್ನೆ ಬರೆದಿಟ್ಟ ದೂರ ಇವತ್ತು ಬಾರದೆ ಇದ್ದರೆ ಮಗಳು ತನ್ನ ಅಳತೆಯೇ ತಪ್ಪು ಅಂದುಕೊಳ್ಳುತ್ತಾಳೆ. ಆಗ ಕಂಬದ ತೂತು ಮುಟ್ಟುವ ಮೊದಲು ಹಗ್ಗ ಮುಟ್ಟಿ ನೋಡಲು ಹೇಳಿ.